ಕೋಳಿಯಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಯಕೃತ್ತಿಗೆ ಏನಾಗುತ್ತದೆ: ಪತ್ತೆ ಹಚ್ಚುವುದು, ಸರಿಪಡಿಸುವುದು ಹೇಗೆ

ವಯಸ್ಸಾದ ಬೆಕ್ಕುಗಳಿಗೆ ಥೈರಾಯ್ಡ್ ಗ್ರಂಥಿ ಕೆಟ್ಟು ಹಾರ್ಮೋನ್ ಹೆಚ್ಚಾಗುವುದು ಸಾಮಾನ್ಯ. ಕೋಳಿಗೆ ಹಾಗೆ ತಾನಾಗಿಯೇ ಆಗುವುದು ತೀರಾ ಅಪರೂಪ. ಶೆಡ್ಡಿನಲ್ಲಿ ಥೈರಾಯ್ಡ್ ಅತಿರೇಕ ಕಂಡರೆ ಅದು ಹೊರಗಿನಿಂದ, ಎಂದರೆ ಮೇವು ಅಥವಾ ನೀರಿನ ಮೂಲಕ ಬಂದಿರುತ್ತದೆ. ಇಲ್ಲವೇ ಚಳಿ ರಾತ್ರಿಗಳಲ್ಲಿ ಮೈ ಬಿಸಿ ಉಳಿಸಿಕೊಳ್ಳಲು ಹಕ್ಕಿಯ ದೇಹವೇ ಹಾರ್ಮೋನನ್ನು ಏರಿಸಿರುತ್ತದೆ. ಎರಡರಲ್ಲೂ ಪೆಟ್ಟು ಬೀಳುವುದು ಯಕೃತ್ತಿಗೆ, ಅಂದರೆ ನಾವು ಲಿವರ್ ಎನ್ನುವ ಅಂಗಕ್ಕೆ. ಆದರೆ ಲಿವರ್ ಕೆಟ್ಟ ಕೋಳಿಯನ್ನು ಕಂಡ ಕೂಡಲೇ ಥೈರಾಯ್ಡ್ ಕಡೆ ಬೆರಳು ತೋರಿಸುವುದೂ ತಪ್ಪು. ನಮ್ಮಲ್ಲಿ ಲಿವರ್ ಕೆಡಿಸುವ ಮೊದಲ ಆರೋಪಿ ಬೂಷ್ಟು ಹಿಡಿದ ಮೆಕ್ಕೆಜೋಳ ಮತ್ತು ಕಡಲೆಕಾಯಿ ಹಿಂಡಿ. ಯಾವುದು ಯಾವುದೆಂದು ಬೇರ್ಪಡಿಸಲು ಲಿವರ್, ಹೃದಯ, ಥೈರಾಯ್ಡ್ ಗ್ರಂಥಿ ಮೂರನ್ನೂ ಒಟ್ಟಿಗೆ ನೋಡಬೇಕು. ಒಂದನ್ನೇ ನೋಡಿ ತೀರ್ಮಾನಿಸಿದರೆ ಹೆಚ್ಚಿನ ಸಲ ತಪ್ಪುತ್ತದೆ.

ಲಿವರಿಗೂ ಥೈರಾಯ್ಡಿಗೂ ಇರುವ ನಂಟು

ಥೈರಾಯ್ಡ್ ಗ್ರಂಥಿ ರಕ್ತಕ್ಕೆ ಬಿಡುವುದು ಬಹುತೇಕ ಟಿ4, ಅಂದರೆ ಥೈರಾಕ್ಸಿನ್ ಎಂಬ ಹಾರ್ಮೋನ್. ಕೋಶಗಳ ಮೇಲೆ ನಿಜವಾಗಿ ಕೆಲಸ ಮಾಡುವುದು ಟಿ3. ಟಿ4ನಿಂದ ಒಂದು ಅಯೋಡಿನ್ ಕಳಚಿ ಟಿ3 ಮಾಡುವ ಕೆಲಸದ ದೊಡ್ಡ ಪಾಲು ಲಿವರ್ ಮತ್ತು ಮೂತ್ರಪಿಂಡದಲ್ಲಿ ನಡೆಯುತ್ತದೆ. ಟಿ3 ಹೆಚ್ಚಾದಾಗ ಅದನ್ನು ಮುರಿದು ನಿಷ್ಕ್ರಿಯ ಮಾಡುವ ಕಿಣ್ವವೂ ಲಿವರಿನಲ್ಲೇ ಇದೆ. ಹೀಗೆ ಹಾರ್ಮೋನನ್ನು ಏರಿಸುವುದೂ ಇಳಿಸುವುದೂ ಲಿವರಿನ ಕೈಯಲ್ಲಿದೆ. ಹಕ್ಕಿ ಹಸಿದಾಗ ಈ ಮುರಿಯುವ ಕಿಣ್ವ ಚುರುಕಾಗುತ್ತದೆ, ಟಿ3 ಇಳಿಯುತ್ತದೆ, ಟಿ4 ಏರುತ್ತದೆ. ಮತ್ತೆ ಮೇವು ಕೊಟ್ಟರೆ ತಿರುಗುಮುರುಗಾಗುತ್ತದೆ. ರಕ್ತಪರೀಕ್ಷೆಯ ಅರ್ಧದಷ್ಟು ಗೊಂದಲ ಈ ಒಂದು ಸಂಗತಿ ಗೊತ್ತಿಲ್ಲದೆ ಹುಟ್ಟುವುದು. ಮುಂದೆ ಅದಕ್ಕೆ ಬರುತ್ತೇವೆ.

ಮನುಷ್ಯರ ರಕ್ತದಲ್ಲಿ ಟಿ4 ಅನ್ನು ಬಿಗಿಯಾಗಿ ಹಿಡಿದಿಡುವ ವಿಶೇಷ ಪ್ರೋಟೀನ್ ಇದೆ, ಹಾಗಾಗಿ ಟಿ4 ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಕೋಳಿಯಲ್ಲಿ ಅಂಥ ಬಿಗಿ ಹಿಡಿತ ಇಲ್ಲ. ಅರ್ಧಕ್ಕಿಳಿಯಲು ಕೆಲವೇ ಗಂಟೆ ಸಾಕು. ಇದರಿಂದ ಒಂದು ಲಾಭ, ಒಂದು ತೊಂದರೆ. ಮೂಲ ನಿಲ್ಲಿಸಿದರೆ ಹಾರ್ಮೋನ್ ಬೇಗ ಇಳಿಯುತ್ತದೆ. ಆದರೆ ಅನುಮಾನದ ಮೇವನ್ನು ನಿಲ್ಲಿಸಿ ಮೂರು ದಿನ ಬಿಟ್ಟು ರಕ್ತ ತೆಗೆದರೆ ಪುರಾವೆಯೇ ಸಿಗುವುದಿಲ್ಲ.

ಹೆಚ್ಚಾದ ಹಾರ್ಮೋನ್ ಲಿವರನ್ನು ಎರಡು ದಾರಿಯಲ್ಲಿ ಕೆಡಿಸುತ್ತದೆ.

ಮೊದಲನೆಯದು ನೇರ ದಾರಿ. ಕೋಶದ ಉರಿ ಹೆಚ್ಚುತ್ತದೆ. ಲಿವರಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ, ಆಮ್ಲಜನಕದ ಬಳಕೆ ಏರುತ್ತದೆ, ಆ ಉರಿಯಲ್ಲಿ ಹುಟ್ಟುವ ಕ್ರಿಯಾಶೀಲ ಆಮ್ಲಜನಕ ಕೋಶಪೊರೆಯ ಕೊಬ್ಬನ್ನು ಹಾಳುಗೆಡವುತ್ತದೆ. ಅದನ್ನು ತಡೆಯಲು ವಿಟಮಿನ್ ಇ, ಸೆಲೆನಿಯಂ ಆಧಾರಿತ ಕಿಣ್ವಗಳು ಬೇಗ ಖರ್ಚಾಗುತ್ತವೆ. ಕೊಬ್ಬಿನ ವಿಚಾರ ಸ್ವಲ್ಪ ಸೂಕ್ಷ್ಮ. ಹಕ್ಕಿಗಳಲ್ಲಿ ಕೊಬ್ಬು ತಯಾರಾಗುವ ಮುಖ್ಯ ಜಾಗ ಲಿವರ್. ಬೇರ್ಪಡಿಸಿ ಬೆಳೆಸಿದ ಲಿವರ್ ಕೋಶಕ್ಕೆ ಟಿ3 ಕೊಟ್ಟರೆ ಕೊಬ್ಬು ತಯಾರಿಸುವ ಕಿಣ್ವಗಳು ಹೆಚ್ಚುತ್ತವೆ. ಆದರೆ ಬದುಕಿರುವ ಬ್ರಾಯ್ಲರಿಗೆ ಮೇವಿನಲ್ಲಿ ಟಿ3 ಕೊಟ್ಟಾಗ ಲಿವರಿನ ಕೊಬ್ಬು ತಯಾರಿ ಇಳಿಯುತ್ತದೆ, ಹೊಟ್ಟೆಯ ಕೊಬ್ಬು ಕರಗುತ್ತದೆ. ಆದ್ದರಿಂದ ಹೊಟ್ಟೆಯ ತುಂಬ ದಪ್ಪ ಕೊಬ್ಬಿರುವ ಹಕ್ಕಿಯ ಲಿವರ್ ಹಳದಿಯಾಗಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಿ.

ಎರಡನೆಯದು ಹೃದಯದ ಮೂಲಕ ಬರುವ ದಾರಿ. ಬ್ರಾಯ್ಲರುಗಳಲ್ಲಿ ಹೆಚ್ಚು ಕೊಲ್ಲುವುದು ಇದೇ. ಆಮ್ಲಜನಕದ ಬೇಡಿಕೆ ಏರಿದಾಗ ಹೃದಯ ಹೆಚ್ಚು ರಕ್ತ ತಳ್ಳಬೇಕು. ಬ್ರಾಯ್ಲರಿನ ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಕೊಂಡಿದೆ, ಹಿಗ್ಗುವುದಿಲ್ಲ. ಅಲ್ಲಿನ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಬಲ ಹೃತ್ಕುಕ್ಷಿ, ಅಂದರೆ ಹೃದಯದ ಬಲಗಡೆಯ ಕೆಳಕೋಣೆ, ದಪ್ಪವಾಗುತ್ತದೆ. ಕೋಳಿಯ ಬಲಭಾಗದ ಕವಾಟ ತೆಳು ಪೊರೆಯದ್ದಲ್ಲ, ಸ್ನಾಯುವಿನ ಒಂದು ಪಟ್ಟಿ. ಗೋಡೆ ದಪ್ಪವಾದಂತೆ ಆ ಪಟ್ಟಿಯೂ ದಪ್ಪವಾಗಿ ಸರಿಯಾಗಿ ಮುಚ್ಚದೆ ಸೋರುತ್ತದೆ. ರಕ್ತ ಹಿಂದಕ್ಕೆ ನುಗ್ಗಿ ಲಿವರಿನಲ್ಲಿ ಕಟ್ಟಿಕೊಳ್ಳುತ್ತದೆ, ಲಿವರಿನ ಮೇಲ್ಮೈಯಿಂದ ಪ್ರೋಟೀನ್ ತುಂಬಿದ ದ್ರವ ಜಿನುಗಿ ಹೊಟ್ಟೆ ತುಂಬುತ್ತದೆ. ಇದೇ ನೀರುಹೊಟ್ಟೆ, ಅಸೈಟಿಸ್. ಸಂಶೋಧಕರು ಬ್ರಾಯ್ಲರುಗಳಲ್ಲಿ ನೀರುಹೊಟ್ಟೆಯನ್ನು ಬೇಕೆಂದೇ ಬರಿಸಲು ಪ್ರತಿ ಕಿಲೋ ಮೇವಿಗೆ 1.5 ಮಿ.ಗ್ರಾಂ ಟಿ3 ಬೆರೆಸುವ ವಿಧಾನವನ್ನು ಬಳಸಿದ್ದಾರೆ. ಇಷ್ಟು ಸಣ್ಣ ಪ್ರಮಾಣ ಇಷ್ಟು ದೊಡ್ಡ ಕೆಲಸ ಮಾಡುತ್ತದೆ.

ಹಾರ್ಮೋನ್ ಎಲ್ಲಿಂದ ಬಂತು

ಮೊದಲು ಅಯೋಡಿನ್ ವಿಷಯ ಮುಗಿಸಿಬಿಡೋಣ, ಏಕೆಂದರೆ ಎಲ್ಲರೂ ಮೊದಲು ಹಿಡಿಯುವುದು ಅದನ್ನೇ. ಅಯೋಡಿನ್ ಹೆಚ್ಚಾದರೆ ಥೈರಾಯ್ಡ್ ಹಾರ್ಮೋನ್ ಹೆಚ್ಚಾಗುತ್ತದೆ ಎಂಬ ಲೆಕ್ಕ ಕೋಳಿಗೆ ಹೊಂದುವುದಿಲ್ಲ. ಅತಿಯಾದ ಅಯೋಡಿನ್ ಗ್ರಂಥಿಯ ಕೆಲಸವನ್ನೇ ತಡೆಯುತ್ತದೆ. ಮೊಟ್ಟೆ ಇಳಿಯುತ್ತದೆ, ಮರಿ ಒಡೆಯುವುದು ತಡವಾಗುತ್ತದೆ. ಅದಕ್ಕೂ ಕಿಲೋ ಮೇವಿಗೆ ನೂರಾರು ಮಿ.ಗ್ರಾಂ ಬೇಕು. ಅಯೋಡಿನ್ ಬೆರೆಸಿದ ಉಪ್ಪಿನ ಲೆಕ್ಕ ನೋಡಿ: ತಯಾರಿಕೆಯ ಹಂತದಲ್ಲಿ ಉಪ್ಪಿನಲ್ಲಿ ಸುಮಾರು 30 ಪಿಪಿಎಂ (ಕಿಲೋಗೆ 30 ಮಿ.ಗ್ರಾಂ) ಅಯೋಡಿನ್. ಕಿಲೋ ಮೇವಿಗೆ 3 ಗ್ರಾಂ ಉಪ್ಪು ಹಾಕಿದರೆ ಸಿಗುವುದು 0.09 ಮಿ.ಗ್ರಾಂ. ಉಪ್ಪಿನ ಮೇಲೆ ಅನುಮಾನ ಬೇಡ.

ನಿಜವಾದ ಮೂಲಗಳು ಇವು. ಗರಿ ಬೇಗ ಉದುರಿಸಲು, ಹೊಸ ಗರಿ ಬರಿಸಲು ಥೈರಾಕ್ಸಿನ್ ಮಾತ್ರೆ ಅಥವಾ ಅಯೋಡಿನ್ ಸೇರಿಸಿದ ಕೇಸಿನ್ (ಹಾಲಿನ ಪ್ರೋಟೀನ್) ಕೊಡುವುದು. ಈ ಕೇಸಿನ್‌ನಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಥೈರಾಕ್ಸಿನ್ ಇರುತ್ತದೆ. ಕಳೆದ ಶತಮಾನದ ಮಧ್ಯದಲ್ಲಿ ಮೊಟ್ಟೆ ಹೆಚ್ಚಿಸಲು ಇದನ್ನು ಹಲವು ದೇಶಗಳಲ್ಲಿ ಪ್ರಯೋಗಿಸಲಾಗಿತ್ತು. ಪ್ರಮಾಣ ಎಷ್ಟು ಸುಲಭವಾಗಿ ಮೀರುತ್ತದೆ ಎಂದು ನೋಡಿ: ಕೋಳಿಯ ಗ್ರಂಥಿ ದಿನಕ್ಕೆ 100 ಗ್ರಾಂ ಮೈತೂಕಕ್ಕೆ ಸರಿಸುಮಾರು 1ರಿಂದ 2 ಮೈಕ್ರೋಗ್ರಾಂ ಟಿ4 ಬಿಡುತ್ತದೆ, ಅಂದರೆ 2 ಕಿಲೋ ಹಕ್ಕಿಗೆ 20ರಿಂದ 40 ಮೈಕ್ರೋಗ್ರಾಂ. ಮನುಷ್ಯರಿಗೆ ಬರೆದುಕೊಡುವ ಮಾತ್ರೆಗಳು 25, 50, 100 ಮೈಕ್ರೋಗ್ರಾಂನವು. ಗರಿ ಉದುರಿಸುವ ಪ್ರಯೋಗಗಳಲ್ಲಿ ಕಿಲೋ ಮೇವಿಗೆ 40 ಮಿ.ಗ್ರಾಂ ಥೈರಾಕ್ಸಿನ್ ಬಳಸಿದ್ದುಂಟು. ದಿನಕ್ಕೆ 100 ಗ್ರಾಂ ತಿನ್ನುವ ಹೇಂಟೆಗೆ ಅದು 4 ಮಿ.ಗ್ರಾಂ, ತನ್ನ ಗ್ರಂಥಿ ಕೊಡುವುದರ ನೂರು ಪಟ್ಟು ಅಥವಾ ಅದಕ್ಕೂ ಹೆಚ್ಚು.

ಇನ್ನೊಂದು ಮೂಲವನ್ನು ಯಾರೂ ಊಹಿಸುವುದಿಲ್ಲ: ಕಸಾಯಿಖಾನೆಯ ಕುತ್ತಿಗೆ ಭಾಗದ ತುಣುಕುಗಳು. ದನ, ಕುರಿ, ಮೇಕೆಯ ಗಂಟಲಿನ ಮಾಂಸದ ಜೊತೆ ಥೈರಾಯ್ಡ್ ಗ್ರಂಥಿ ಸೇರಿಕೊಂಡಿದ್ದರೆ ಹಾರ್ಮೋನ್ ಹಾಗೇ ಮೇವಿಗೆ ಬರುತ್ತದೆ. ಬೇಯಿಸಿದ ಮಾತ್ರಕ್ಕೆ ಅದು ನಾಶವಾಗುವುದಿಲ್ಲ. 1984–85ರಲ್ಲಿ ಅಮೆರಿಕದ ಮಿನ್ನೆಸೋಟ, ದಕ್ಷಿಣ ಡಕೋಟ ಭಾಗದಲ್ಲಿ ದನದ ಗಂಟಲ ಭಾಗ ಬೆರೆತ ಕೊಚ್ಚಿದ ಮಾಂಸ ತಿಂದ ಜನರಿಗೇ ಥೈರಾಯ್ಡ್ ಅತಿರೇಕ ಬಂದಿತ್ತು. ಹಿತ್ತಲಲ್ಲಿ ಗಿರಿರಾಜ ಅಥವಾ ನಾಟಿ ಕೋಳಿ ಸಾಕಿ ಮಾಂಸದಂಗಡಿಯ ಉಳಿಕೆ ಹಾಕುವವರು ಇದನ್ನು ಗಮನದಲ್ಲಿಡಬೇಕು.

ಮೂರನೆಯದು ಚಳಿ. ಡಿಸೆಂಬರ್, ಜನವರಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬಯಲಿನಲ್ಲಿ ರಾತ್ರಿ ಪರದೆ ಸರಿಯಾಗಿ ಮುಚ್ಚದ ಶೆಡ್ಡಿನ ಮರಿಗಳಲ್ಲಿ ಟಿ3 ಏರುತ್ತದೆ. ಇಲ್ಲಿ ಗ್ರಂಥಿಯದ್ದೇನೂ ತಪ್ಪಿಲ್ಲ. ಬಿಸಿ ಕೊಡದ ನಮ್ಮದು ತಪ್ಪು.

ಬದುಕಿರುವ ಹಕ್ಕಿಯಲ್ಲಿ ಏನು ನೋಡಬೇಕು

ಹೊರಗಿನಿಂದ ಹಾರ್ಮೋನ್ ಸೇರಿದ ಗುಂಪಿನಲ್ಲಿ ಮೇವು ಖರ್ಚಾಗುತ್ತದೆ, ತೂಕ ಏರುವುದಿಲ್ಲ ಅಥವಾ ಇಳಿಯುತ್ತದೆ. ಎದೆಮೂಳೆ ಕೈಗೆ ಚೂಪಾಗಿ ಸಿಗುತ್ತದೆ, ಆದರೆ ಮೇವುಚೀಲ ತುಂಬಿರುತ್ತದೆ. ಈ ಎರಡು ಒಟ್ಟಿಗೆ ಇರುವುದೇ ಮುಖ್ಯ ಸುಳಿವು. ಸಾಧಾರಣ ಬಿಸಿಲಿಗೇ ಬಾಯಿ ತೆರೆದು ಏದುಸಿರು ಬಿಡುತ್ತವೆ. ಹಾರ್ಮೋನ್ ಏರಿದ ಹಕ್ಕಿ ಬೇಸಿಗೆಯ ಝಳಕ್ಕೆ ಉಳಿದವಕ್ಕಿಂತ ಮೊದಲು ಸಾಯುತ್ತದೆ. ಲೇಯರುಗಳು, ಅಂದರೆ ಮೊಟ್ಟೆ ಕೋಳಿಗಳು, ಮೊಟ್ಟೆ ಕಡಿಮೆ ಮಾಡಿ, ಕಾಲವಲ್ಲದ ಕಾಲದಲ್ಲಿ ಗುಂಪಿಗೆ ಗುಂಪೇ ಗರಿ ಉದುರಿಸುತ್ತವೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಕೋಳಿಗೆ 41ರಿಂದ 42 ಡಿಗ್ರಿ ಸೆಲ್ಸಿಯಸ್ ಸಹಜ. ನೆರಳಲ್ಲಿ ಅರ್ಧ ಗಂಟೆ ಸುಮ್ಮನೆ ಕೂತ ಹಕ್ಕಿಯಲ್ಲಿ 42.5 ಮೀರಿದರೆ ಗಮನಿಸಿ.

ಲಿವರ್ ಸೋತಿರುವುದಕ್ಕೆ ಹೊರಗಿನ ಗುರುತು ಹಿಕ್ಕೆಯಲ್ಲಿ ಸಿಗುತ್ತದೆ. ಹಿಕ್ಕೆಯ ಬಿಳಿ ಭಾಗ ಹಸಿರಾದರೆ ಪಿತ್ತ ಸರಿಯಾಗಿ ಹೊರಹೋಗುತ್ತಿಲ್ಲ. ಕೋಳಿಯ ಪಿತ್ತದಲ್ಲಿ ಹಸಿರು ಬಿಲಿವರ್ಡಿನ್ ಇರುವುದರಿಂದ ಮನುಷ್ಯರ ಹಾಗೆ ಕಣ್ಣು ಹಳದಿಯಾಗುವುದನ್ನು ಕಾಯಬೇಡಿ. ನೀರುಹೊಟ್ಟೆಯಾದರೆ ಜುಟ್ಟು ನೀಲಿ ತಿರುಗುತ್ತದೆ, ಹೊಟ್ಟೆ ಹಿಡಿದರೆ ಒಳಗೆ ನೀರು ತುಳುಕುತ್ತದೆ.

ಕೊಯ್ದು ನೋಡುವುದು

ಮೊದಲು ಎಚ್ಚರಿಕೆ: ಒಂದೆರಡು ದಿನದಲ್ಲಿ ದೊಡ್ಡ ಸಂಖ್ಯೆಯಲ್ಲಿ ಹಕ್ಕಿ ಸತ್ತಿದ್ದರೆ, ಮುಖ ಊದಿ ಜುಟ್ಟು ಕಪ್ಪಾಗಿದ್ದರೆ ಕೊಯ್ಯಬೇಡಿ. ಹಕ್ಕಿಜ್ವರದ ಸಾಧ್ಯತೆ ಇರುತ್ತದೆ. ಪಶುವೈದ್ಯಾಧಿಕಾರಿಗೆ ತಿಳಿಸಿ, ಶೆಡ್ಡಿಗೆ ಹೋಗಿಬರುವುದನ್ನು ನಿಲ್ಲಿಸಿ. ಅಂಥ ಲಕ್ಷಣ ಇಲ್ಲದಿದ್ದರೆ ಕೈಗವಸು, ಮಾಸ್ಕ್ ಹಾಕಿಕೊಂಡು ಶೆಡ್ಡಿನಿಂದ ದೂರ ಕೆಲಸ ಮಾಡಿ.

ಸತ್ತು 2–3 ಗಂಟೆ ಮೀರದ ಹಕ್ಕಿ ಬೇಕು. ಬೇಸಿಗೆಯಲ್ಲಿ ಅದಕ್ಕಿಂತ ತಡವಾದರೆ ಲಿವರ್ ಮೆತ್ತಗಾಗಿ, ಪಿತ್ತಕೋಶ ಇರುವ ಕಡೆ ಹಸಿರು ಕಲೆ ಬೀಳುತ್ತದೆ. ಅದು ಸತ್ತ ಮೇಲಿನ ಬದಲಾವಣೆ, ರೋಗವಲ್ಲ. ಕಾಯಿಲೆಯ ಗುಂಪಿನಿಂದ ಕನಿಷ್ಠ 5 ಹಕ್ಕಿ, ಅದೇ ವಯಸ್ಸಿನ ಆರೋಗ್ಯವಾದ ಗುಂಪಿನಿಂದ 2–3 ಹಕ್ಕಿ ತೆಗೆದುಕೊಳ್ಳಿ. ಹೋಲಿಕೆಗೆ ಹಕ್ಕಿ ಇಲ್ಲದೆ ಗ್ರಂಥಿ ದೊಡ್ಡದು, ಸಣ್ಣದು ಎನ್ನಲು ಬರುವುದಿಲ್ಲ.

ಮೊದಲು ಥೈರಾಯ್ಡ್. ಹಕ್ಕಿಯನ್ನು ನೀರಿನಲ್ಲಿ ನೆನೆಸಿ ಅಂಗಾತ ಮಲಗಿಸಿ. ಕೊಕ್ಕಿನ ಕೆಳಗಿನಿಂದ ಎದೆಯವರೆಗೆ ಚರ್ಮ ಸೀಳಿ, ಮೇವುಚೀಲವನ್ನು ಪಕ್ಕಕ್ಕೆ ಸರಿಸಿ. ಕುತ್ತಿಗೆ ಎದೆಗೂಡಿಗೆ ಸೇರುವ ಜಾಗದಲ್ಲಿ ಶ್ವಾಸನಾಳದ ಎರಡೂ ಬದಿಗೆ, ಕತ್ತಿನ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡು, ಮಾಗಿದ ಕವಳೆಹಣ್ಣಿನ ಬಣ್ಣದ, ಮೊಟ್ಟೆಯಾಕಾರದ ಒಂದೊಂದು ಗ್ರಂಥಿ ಕಾಣುತ್ತದೆ. ದೊಡ್ಡ ಹಕ್ಕಿಯಲ್ಲಿ ಉದ್ದ ಸುಮಾರು 1 ಸೆಂ.ಮೀ. ಕುತ್ತಿಗೆಯುದ್ದಕ್ಕೂ ಮಣಿ ಪೋಣಿಸಿದ ಹಾಗೆ ಇರುವ ಮಾಸಲು ಬಿಳಿ, ಗುಲಾಬಿ ಹಾಲೆಗಳು ಥೈಮಸ್ ಎಂಬ ಬೇರೆ ಗ್ರಂಥಿ. ಹೊಸಬರು ಅದನ್ನೇ ಥೈರಾಯ್ಡ್ ಎಂದು ತೆಗೆದುಬಿಡುತ್ತಾರೆ. ಎರಡೂ ಥೈರಾಯ್ಡ್ ತೆಗೆದು, ಅಂಟಿದ ಕೊಬ್ಬು ಬಿಡಿಸಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, 100 ಗ್ರಾಂ ಮೈತೂಕಕ್ಕೆ ಎಷ್ಟು ಮಿ.ಗ್ರಾಂ ಎಂದು ಬರೆದಿಡಿ. ಒಡವೆ ತೂಗುವ ಚಿಕ್ಕ ತಕ್ಕಡಿ ಸಾಕು.

ಈಗ ಬಹಳ ಜನ ಎಡವುವ ಜಾಗ. ಊದಿದ ಥೈರಾಯ್ಡ್ ಕಂಡರೆ ಹಾರ್ಮೋನ್ ಹೆಚ್ಚಾಗಿದೆ ಎಂದುಕೊಳ್ಳುತ್ತಾರೆ. ಕೋಳಿಯಲ್ಲಿ ಊದಿದ ಗ್ರಂಥಿ ಸಾಮಾನ್ಯವಾಗಿ ಹೇಳುವುದು ಅದರ ತದ್ವಿರುದ್ಧ: ಹಾರ್ಮೋನ್ ಸಾಲುತ್ತಿಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಗ್ರಂಥಿ ಥೈರಾಯ್ಡನ್ನು ದುಡಿಸುತ್ತಿದೆ. ಹೊರಗಿನಿಂದ ಹಾರ್ಮೋನ್ ಬರುತ್ತಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಥೈರಾಯ್ಡ್ ಕುಗ್ಗುತ್ತದೆ. ಸಾಸಿವೆ ಹಿಂಡಿ ಹೆಚ್ಚು ತಿಂದ ಲೇಯರುಗಳಲ್ಲಿ ಗ್ರಂಥಿ ಊದಿರುತ್ತದೆ, ಲಿವರಿನಲ್ಲಿ ರಕ್ತಸ್ರಾವವೂ ಇರುತ್ತದೆ. ಹಿಂಡಿಯಲ್ಲಿರುವ ಗ್ಲುಕೋಸಿನೊಲೇಟ್ ಎಂಬ ಅಂಶ ಎರಡಕ್ಕೂ ಕಾರಣ. ಅಲ್ಲಿ ಇರುವುದು ಹಾರ್ಮೋನಿನ ಕೊರತೆ. ಅದನ್ನೇ ಅತಿರೇಕ ಎಂದು ತಿಳಿದು ಗ್ರಂಥಿ ತಡೆಯುವ ಔಷಧಿ ಕೊಟ್ಟರೆ ಗಾಯದ ಮೇಲೆ ಬರೆ ಎಳೆದಂತೆ.

ಮುಂದೆ ಹೊಟ್ಟೆ ತೆರೆಯಿರಿ. ನೀರಿದ್ದರೆ ಅಳೆದು ಬರೆಯಿರಿ. ತಿಳಿ ಹಳದಿ ದ್ರವದ ಜೊತೆ ಹಳದಿ ಲೋಳೆಯ ಗಡ್ಡೆಗಳು ಲಿವರಿನ ಮೇಲೆ ಅಂಟಿದ್ದರೆ ಅದು ನೀರುಹೊಟ್ಟೆ. ನಂತರ ಲಿವರ್. ಬಲಹಾಲೆ ಎಡಕ್ಕಿಂತ ದೊಡ್ಡದು, ಅದರಡಿ ಪಿತ್ತಕೋಶ. ಪಿತ್ತಕೋಶ ಕತ್ತರಿಸದಂತೆ ಬಿಡಿಸಿ ತೂಗಿ. ದೊಡ್ಡ ಹಕ್ಕಿಯಲ್ಲಿ ಲಿವರ್ ಮೈತೂಕದ ಸುಮಾರು 2–3 ಶೇಕಡ ಇರುತ್ತದೆ. ಎರಡು ವಾರದೊಳಗಿನ ಮರಿಯ ಲಿವರ್ ಹಳದಿಯಾಗಿರುವುದು ಸಹಜ, ಅದು ಮೊಟ್ಟೆಯ ಹಳದಿಯಿಂದ ಬಂದದ್ದು. ಮೊಟ್ಟೆಯಿಡುತ್ತಿರುವ ಹೇಂಟೆಯ ಲಿವರೂ ಸ್ವಲ್ಪ ತಿಳಿ ಬಣ್ಣದ್ದೇ.

ಕಣ್ಣಿಗೆ ಕಾಣುವುದನ್ನು ಹೀಗೆ ಬೇರ್ಪಡಿಸಿ. ಲಿವರ್ ಸಣ್ಣದು, ಅಂಚು ಚೂಪು, ಬಣ್ಣ ಗಾಢ ಕಂದು, ಹೊಟ್ಟೆಯಲ್ಲಿ ಕೊಬ್ಬೇ ಇಲ್ಲ, ಮೇವುಚೀಲದಲ್ಲಿ ಮೇವು ಇದೆ, ಥೈರಾಯ್ಡ್ ಕುಗ್ಗಿದೆ ಎಂದರೆ ಹೊರಗಿನ ಹಾರ್ಮೋನಿನ ಅನುಮಾನ ಬಲವಾಯಿತು. ಲಿವರ್ ಅದೇ ಥರ ಸಣ್ಣದು, ಆದರೆ ಮೇವುಚೀಲ ಖಾಲಿ, ಪಿತ್ತಕೋಶ ತುಂಬಿ ಉಬ್ಬಿದೆ ಎಂದರೆ ಹಕ್ಕಿ ಉಪವಾಸ ಬಿದ್ದಿತ್ತು. ಕಾರಣ ಏನೇ ಇರಲಿ ಥೈರಾಯ್ಡ್ ಎನ್ನಬೇಡಿ. ಲಿವರ್ ಊದಿ ರಕ್ತ ತುಂಬಿ ಕಪ್ಪು ಮಚ್ಚೆಯಾಗಿದೆ ಅಥವಾ ಮೇಲಿನ ಪೊರೆ ಬೂದುಬಿಳಿಯಾಗಿ ದಪ್ಪಗಾಗಿ ಮೇಲ್ಮೈ ಗಂಟುಗಂಟಾಗಿದೆ, ಜೊತೆಗೆ ನೀರು ಇದೆ ಎಂದರೆ ಹೃದಯದ ದಾರಿ. ಲಿವರ್ ದೊಡ್ಡದು, ಹಳದಿ, ಬೆರಳೊತ್ತಿದರೆ ಪುಡಿಯಾಗುತ್ತದೆ, ರಕ್ತದ ಹೆಪ್ಪು ಹೊದ್ದಿದೆ, ಹೊಟ್ಟೆಯ ಕೊಬ್ಬು ದಪ್ಪ ಎಂದರೆ ಕೊಬ್ಬಿದ ಲೇಯರುಗಳ ಫ್ಯಾಟಿ ಲಿವರ್. ಮಾಸಲು ಹಳದಿ ಲಿವರಿನ ಜೊತೆ ಮೂತ್ರಪಿಂಡವೂ ಊದಿ, ಹಕ್ಕಿ ಬಡಕಲಾಗಿದ್ದರೆ ಮೇವಿನಲ್ಲಿ ಅಫ್ಲಾಟಾಕ್ಸಿನ್, ಅಂದರೆ ಬೂಷ್ಟು ಬಿಡುವ ವಿಷ, ಇದೆಯೇ ಎಂದು ನೋಡಿಸಿ.

ಹೃದಯವನ್ನು ಬಿಡಬೇಡಿ. ಮೇಲಿನ ಕೋಣೆಗಳನ್ನೂ ರಕ್ತನಾಳಗಳನ್ನೂ ಕತ್ತರಿಸಿ ತೆಗೆದು, ಒಳಗಿನ ರಕ್ತ ಒರೆಸಿ. ಬಲ ಹೃತ್ಕುಕ್ಷಿಯ ಹೊರಗೋಡೆಯನ್ನು ನಡುಗೋಡೆಗೆ ಸೇರುವ ಗೆರೆಯಲ್ಲೇ ಕತ್ತರಿಸಿ ಬೇರೆ ತೂಗಿ. ಉಳಿದದ್ದನ್ನು, ಎಂದರೆ ಎಡಭಾಗ ಮತ್ತು ನಡುಗೋಡೆಯನ್ನು, ಬೇರೆ ತೂಗಿ. ಬಲಗೋಡೆಯ ತೂಕವನ್ನು ಒಟ್ಟು ತೂಕದಿಂದ ಭಾಗಿಸಿ. ಬಲಗೋಡೆ 2.6 ಗ್ರಾಂ, ಉಳಿದದ್ದು 6.5 ಗ್ರಾಂ ಇದ್ದರೆ 2.6 ÷ 9.1 = 0.286. ಇದು 0.25ರ ಒಳಗಿದ್ದರೆ ಸಹಜ, 0.28 ಮೀರಿದರೆ ಶ್ವಾಸಕೋಶದ ಒತ್ತಡ ಏರಿತ್ತು. ನೀರು ತುಂಬುವ ಮೊದಲೇ ಈ ಅಂಕಿ ಏರುವುದರಿಂದ, ಹೊಟ್ಟೆ ಒಣಗಿರುವ ಹಕ್ಕಿಯಲ್ಲೂ ಅಳೆಯಿರಿ.

ಪ್ರಯೋಗಾಲಯಕ್ಕೆ ಕಳಿಸುವ ಲಿವರ್ ತುಂಡು 5 ಮಿ.ಮೀ.ಗಿಂತ ದಪ್ಪ ಇರಬಾರದು; ದಪ್ಪವಾದರೆ ಕೊಳೆಯದಂತೆ ತಡೆಯುವ ಫಾರ್ಮಲಿನ್ ಒಳಗೆ ಇಳಿಯುವ ಮೊದಲೇ ನಡು ಕೊಳೆಯುತ್ತದೆ. ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಹಾಕಿ. 900 ಮಿ.ಲೀ. ನೀರು, 100 ಮಿ.ಲೀ. ಅಂಗಡಿಯ ಗಟ್ಟಿ ಫಾರ್ಮಲಿನ್, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಸೇರಿಸಿದರೆ ಬೇಕಾದ ದ್ರಾವಣ ಸಿದ್ಧ. ಕೊಬ್ಬಿನ ಬಣ್ಣಪರೀಕ್ಷೆ ಬೇಕೆಂದರೆ ಚೀಟಿಯಲ್ಲಿ ಮೊದಲೇ ಬರೆಯಿರಿ. ಮಾಮೂಲಿನಂತೆ ಮೇಣದಲ್ಲಿ ಹೂಳಿದರೆ ಕೊಬ್ಬೆಲ್ಲ ಕರಗಿ ಹೋಗುತ್ತದೆ. ಥೈರಾಯ್ಡನ್ನೂ ಕಳಿಸಿ. ಗ್ರಂಥಿಯ ಚೀಲಗಳು ಹಾರ್ಮೋನ್ ತುಂಬಿ ಚಪ್ಪಟೆ ಕೋಶಗಳಿಂದ ಕೂಡಿದ್ದರೆ ಅದು ವಿಶ್ರಾಂತಿಯಲ್ಲಿದೆ. ಎತ್ತರದ ಕೋಶಗಳು, ಖಾಲಿ ಚೀಲಗಳು ಕಂಡರೆ ಹೆಚ್ಚು ದುಡಿಯುತ್ತಿದೆ. ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ, ಬೆಂಗಳೂರು, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಕೇಳಿ.

ರಕ್ತ ತೆಗೆಯುವುದು, ಅಂಕಿ ಓದುವುದು

ಮೇವು ನೀರು ಮುಂದಿರುವಾಗಲೇ, ಬೆಳಿಗ್ಗೆ ಒಂದೇ ಹೊತ್ತಿಗೆ ಎರಡೂ ಗುಂಪಿನಿಂದ 6ರಿಂದ 10 ಹಕ್ಕಿಗಳ ರಕ್ತ ತೆಗೆಯಿರಿ. ರಾತ್ರಿಯೆಲ್ಲ ಮೇವು ತೆಗೆದಿಟ್ಟು ತೆಗೆದ ರಕ್ತದಲ್ಲಿ ಟಿ4 ಹೆಚ್ಚು, ಟಿ3 ಕಡಿಮೆ ಬಂದೇ ಬರುತ್ತದೆ, ಅದಕ್ಕೆ ಅರ್ಥವಿಲ್ಲ. ರೆಕ್ಕೆಯ ಒಳಬದಿಯ ರಕ್ತನಾಳ, 23 ಅಥವಾ 24 ಗೇಜ್ ಸೂಜಿ, 2 ಮಿ.ಲೀ. ರಕ್ತ. ಮೈತೂಕದ ಶೇಕಡ 1ಕ್ಕಿಂತ ಹೆಚ್ಚು ತೆಗೆಯಬಾರದು, 1 ಕಿಲೋ ಹಕ್ಕಿಗೆ 10 ಮಿ.ಲೀ. ಮಿತಿ. ಸೂಜಿ ತೆಗೆದ ಮೇಲೆ ಒಂದು ನಿಮಿಷ ಹತ್ತಿಯಿಂದ ಒತ್ತಿ ಹಿಡಿಯಿರಿ; ಇಲ್ಲದಿದ್ದರೆ ದೊಡ್ಡ ಹೆಪ್ಪು ಊದುತ್ತದೆ. ಸಾದಾ ಟ್ಯೂಬನ್ನು ಓರೆಯಾಗಿ ಒಂದೆರಡು ಗಂಟೆ ನೆರಳಲ್ಲಿಟ್ಟು, 3000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ, ಮೇಲೆ ನಿಲ್ಲುವ ತಿಳಿ ದ್ರವವನ್ನು, ಅಂದರೆ ಸೀರಂ ಅನ್ನು, ಬೇರ್ಪಡಿಸಿ, ಅವತ್ತೇ ಕಳಿಸಲಾಗದಿದ್ದರೆ ಮೈನಸ್ 20 ಡಿಗ್ರಿಯಲ್ಲಿಡಿ.

ಮನುಷ್ಯರ ಲ್ಯಾಬಿಗೆ ಕೊಡುವ ಮುನ್ನ ಎರಡು ಮಾತು ಕೇಳಿ. ಕಿಟ್ ಎಷ್ಟು ಕಡಿಮೆ ಟಿ4 ಓದಬಲ್ಲದು? ಕೋಳಿಯ ಟಿ4 ಮಿ.ಲೀ.ಗೆ ಸುಮಾರು 5–15 ನ್ಯಾನೋಗ್ರಾಂ, ಮನುಷ್ಯರದು 50ರ ಮೇಲೆ. ಎಷ್ಟೋ ಕಿಟ್‌ಗಳಿಗೆ ಕೋಳಿಯ ಸಹಜ ಮಟ್ಟವೇ ತಳಕ್ಕಿಂತ ಕೆಳಗಿರುತ್ತದೆ. ಯಾವ ಏಕಮಾನದಲ್ಲಿ ಕೊಡುತ್ತೀರಿ? 1 ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್ ಅಂದರೆ 10 ನ್ಯಾನೋಗ್ರಾಂ ಪ್ರತಿ ಮಿ.ಲೀ.; ಇದನ್ನು ಮರೆತರೆ ಹತ್ತು ಪಟ್ಟು ತಪ್ಪು. ಟಿಎಸ್‌ಎಚ್ (ಥೈರಾಯ್ಡನ್ನು ದುಡಿಸುವ ಪಿಟ್ಯುಟರಿ ಹಾರ್ಮೋನ್) ಪರೀಕ್ಷೆಗೆ ದುಡ್ಡು ಹಾಕಬೇಡಿ. ಮನುಷ್ಯರ ಕಿಟ್ ಕೋಳಿಯ ಟಿಎಸ್‌ಎಚ್ ಹಿಡಿಯುವುದಿಲ್ಲ.

ಹೋಲಿಕೆ ಗುಂಪಿಗಿಂತ ಟಿ4, ಟಿ3 ಎರಡೂ ಏರಿದ್ದು ಗ್ರಂಥಿ ಕುಗ್ಗಿದ್ದರೆ ಮೇವಿನಲ್ಲಿ ಟಿ4 ಇದೆ. ಟಿ3 ಏರಿ ಟಿ4 ತೀರಾ ಇಳಿದಿದ್ದರೆ ಟಿ3 ಸೇರಿರಬಹುದು. ಟಿ4 ಮಾತ್ರ ಏರಿ ಟಿ3 ಇಳಿದಿದ್ದರೆ ಹಸಿವು ಅಥವಾ ಬೇರೆ ಕಾಯಿಲೆ. ಗ್ರಂಥಿ ಕುಗ್ಗದೆ ಟಿ3 ಏರಿದ್ದು, ಕಾಲ ಚಳಿಗಾಲವಾಗಿದ್ದರೆ ಶೆಡ್ಡಿನ ಉಷ್ಣಾಂಶ ನೋಡಿ.

ಲಿವರಿಗೆ ಎಎಸ್‌ಟಿ ನೋಡಿಸಿ, ಆದರೆ ಅದರ ಜೊತೆ ಸಿಕೆ ಕೂಡ. ಎರಡೂ ಕೋಶ ಒಡೆದಾಗ ರಕ್ತಕ್ಕೆ ಸೋರುವ ಕಿಣ್ವಗಳು, ಸಿಕೆ ಮಾಂಸಖಂಡದ್ದು. ಎಎಸ್‌ಟಿ ಮಾಂಸಖಂಡದಿಂದಲೂ ಬರುತ್ತದೆ. ಎರಡೂ ಏರಿದ್ದರೆ ಹಿಡಿದಾಡಿದ ನೋವು, ಎಎಸ್‌ಟಿ ಮಾತ್ರ ಏರಿದ್ದರೆ ಲಿವರ್. ಎಎಲ್‌ಟಿ ಎಂಬ ಕಿಣ್ವ ಕೋಳಿಯಲ್ಲಿ ಲಿವರ್ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಲಿವರ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪಿತ್ತಾಮ್ಲ ಪರೀಕ್ಷೆ ಎಲ್ಲಕ್ಕಿಂತ ಒಳ್ಳೆಯದು.

ಸರಿಪಡಿಸುವುದು

ಅನುಮಾನದ ಮೇವನ್ನು ಅವತ್ತೇ ನಿಲ್ಲಿಸಿ, ಬಿಸಾಡಬೇಡಿ. ಕನಿಷ್ಠ 10 ಚೀಲಗಳ ಮೇಲೆ, ನಡು, ತಳದಿಂದ ಹಿಡಿ ಹಿಡಿ ತೆಗೆದು ಕಲಸಿ, 1 ಕಿಲೋ ಮಾದರಿಯನ್ನು ಬಟ್ಟೆ ಅಥವಾ ಕಾಗದದ ಚೀಲದಲ್ಲಿ ಕಟ್ಟಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ದಾರಿಯಲ್ಲೇ ಬೂಷ್ಟು ಬೆಳೆಯುತ್ತದೆ, ಆಮೇಲೆ ಅಫ್ಲಾಟಾಕ್ಸಿನ್ ಅಂಕಿಯನ್ನು ನಂಬಲಾಗದು. ಥೈರಾಯ್ಡ್ ಅನುಮಾನ ಎಷ್ಟೇ ಬಲವಾಗಿದ್ದರೂ ಅಫ್ಲಾಟಾಕ್ಸಿನ್ ಪರೀಕ್ಷೆ ಬಿಡಬೇಡಿ. 20 ಪಿಪಿಬಿ (ಕಿಲೋಗೆ 20 ಮೈಕ್ರೋಗ್ರಾಂ) ಮೀರಿದ್ದರೆ ಮೊದಲು ಅದನ್ನು ಸರಿಪಡಿಸಿ.

ಮೂಲ ನಿಂತ ಮೇಲೆ ಹಾರ್ಮೋನ್ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆದರೆ ಮಲಗಿದ್ದ ಗ್ರಂಥಿ ಏಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ನಡುವೆ ಹಕ್ಕಿ ಮಂಕಾಗಿ, ಚಳಿಗೆ ಮುದುಡಿ ಕೂರಬಹುದು. ಗಾಬರಿಯಿಂದ ಮತ್ತೆ ಹಾರ್ಮೋನ್ ಕೊಡಬೇಡಿ, ಬೆಚ್ಚಗಿಡಿ. ಗ್ರಂಥಿ ತಡೆಯುವ ಪ್ರೊಪೈಲ್‌ಥಯೋಯುರಾಸಿಲ್‌ನಂಥ ಔಷಧಿ ಪ್ರಯೋಗಾಲಯಕ್ಕೆ ಮಾತ್ರ. ನಾವು ತಿನ್ನುವ ಹಕ್ಕಿಗೆ ಅದನ್ನು ಕೊಡುವಂತಿಲ್ಲ. ಅಲ್ಲದೆ ಹೊರಗಿನಿಂದ ಬಂದ ಹಾರ್ಮೋನಿಗೆ ಗ್ರಂಥಿ ತಡೆದು ಲಾಭವೂ ಇಲ್ಲ.

ಲಿವರ್ ಚೇತರಿಕೆಗೆ ಮೂರು ವಾರ ಮೇವಿನಲ್ಲಿ ಟನ್ನಿಗೆ 100ರಿಂದ 150 ಗ್ರಾಂ ಶುದ್ಧ ವಿಟಮಿನ್ ಇ ಸಿಗುವಂತೆ ನೋಡಿ. ಅಂಗಡಿಯ ಪುಡಿ ಶೇಕಡ 50ರದ್ದಾದರೆ 200ರಿಂದ 300 ಗ್ರಾಂ. ಸೆಲೆನಿಯಂ ಒಟ್ಟು ಕಿಲೋಗೆ 0.3 ಮಿ.ಗ್ರಾಂ, ಪ್ರೀಮಿಕ್ಸಿನಲ್ಲಿ ಇರುವುದನ್ನು ಕಳೆದು ಲೆಕ್ಕ ಹಾಕಿ, ಏಕೆಂದರೆ ಸೆಲೆನಿಯಂ ಅತಿಯಾದರೆ ಅದೇ ವಿಷ. ಶೇಕಡ 60ರ ಕೋಲಿನ್ ಕ್ಲೋರೈಡ್ ಟನ್ನಿಗೆ 1 ಕಿಲೋ. ಕೋಲಿನ್ ಪುಡಿಯನ್ನು ವಿಟಮಿನ್ ಪ್ರೀಮಿಕ್ಸ್ ಜೊತೆ ಒಂದೇ ಡಬ್ಬದಲ್ಲಿ ಕಲಸಿಡಬೇಡಿ. ತೇವ ಎಳೆದು ವಿಟಮಿನ್ನುಗಳನ್ನು ಕೆಡಿಸುತ್ತದೆ. ಬೇಸಿಗೆಯಾದರೆ ಟನ್ನಿಗೆ 200ರಿಂದ 250 ಗ್ರಾಂ ವಿಟಮಿನ್ ಸಿ. ಲಿವರ್ ಟಾನಿಕ್ ಬಾಟಲಿಗಳನ್ನು ಬೇಡವೆನ್ನುವುದಿಲ್ಲ. ಆದರೆ ಮೂಲ ಹಾಗೇ ಇರುವಾಗ ಟಾನಿಕ್ ಸುರಿಯುವುದು ದುಡ್ಡಿನ ದಂಡ.

ಕಾರಣ ಚಳಿಯಾಗಿದ್ದರೆ ಮದ್ದು ಮರಿಗಳಿಗೆ ಬಿಸಿ ಕೊಡುವ ಬ್ರೂಡರಿನಲ್ಲಿದೆ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 32–34 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಿ. ಮರಿ ಬಿಡುವ ಒಂದು ದಿನ ಮೊದಲೇ ಬಿಸಿ ಹಾಕಿ, ಹಾಸು 28–30 ಡಿಗ್ರಿ ಮುಟ್ಟಿರಲಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಚಳಿ ತಡೆಯಲು ಪರದೆಯನ್ನು ಪೂರ್ತಿ ಮುಚ್ಚಿಬಿಡುವುದು. ಅಮೋನಿಯಾ ಕಟ್ಟುತ್ತದೆ, ಆಮ್ಲಜನಕ ಇಳಿಯುತ್ತದೆ, ಯಾವ ನೀರುಹೊಟ್ಟೆಯನ್ನು ತಪ್ಪಿಸಲು ಹೊರಟಿದ್ದೆವೋ ಅದೇ ಬರುತ್ತದೆ. ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಮುಚ್ಚಿ, ಮೇಲ್ಗಡೆ ಒಂದು ಗೇಣು ತೆರೆದಿಡಿ. ಒಳಗೆ ಹೋದ ಕೂಡಲೇ ಕಣ್ಣು ಉರಿದರೆ ಅಮೋನಿಯಾ 25 ಪಿಪಿಎಂ ಆಸುಪಾಸು ಮುಟ್ಟಿದೆ ಎಂದೇ ತಿಳಿಯಿರಿ. ಎರಡನೇ, ಮೂರನೇ ವಾರದಲ್ಲಿ ಪೆಲೆಟ್ ಬದಲು ಪುಡಿ ಮೇವು ಕೊಟ್ಟು ಬೆಳವಣಿಗೆಯ ವೇಗ ತುಸು ತಗ್ಗಿಸಿದರೆ ಹೃದಯಕ್ಕೆ ಉಸಿರಾಡಲು ಬಿಡುವು ಸಿಗುತ್ತದೆ. ಮಾರುವ ಹೊತ್ತಿಗೆ ತೂಕದ ಹೆಚ್ಚಿನ ಭಾಗ ಮತ್ತೆ ಕೂಡಿಕೊಳ್ಳುತ್ತದೆ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಸೋಡಿಯಂ ಪರೀಕ್ಷಿಸಿ ಮೇವಿನ ಉಪ್ಪು ಕಡಿಮೆ ಮಾಡಿ, ಸೋಡಿಯಂ ಹೆಚ್ಚಾದಷ್ಟೂ ನೀರುಹೊಟ್ಟೆ ಹೆಚ್ಚು. ಆದರೆ ನೀರು ತುಂಬಿಯಾದ ಹಕ್ಕಿ ಉಳಿಯುವುದಿಲ್ಲ. ಅದನ್ನು ಬೇರ್ಪಡಿಸಿ, ಉಳಿದವುಗಳ ಮೇಲೆ ಶ್ರಮ ಹಾಕಿ.

ಹಾರ್ಮೋನ್ ತಿಂದದ್ದು ಖಚಿತವಾದ ಗುಂಪಿನ ಮೊಟ್ಟೆ, ಮಾಂಸವನ್ನು ಪಶುವೈದ್ಯರು ಹೇಳುವ ತನಕ ಮಾರಬೇಡಿ, ಮನೆಯಲ್ಲೂ ಬಳಸಬೇಡಿ. ಸತ್ತ ಹಕ್ಕಿಗಳನ್ನು ಸುಣ್ಣ ಹಾಕಿ ಆಳವಾಗಿ ಹೂಳಿ; ನಾಯಿ ಎಳೆದರೆ ಥೈರಾಯ್ಡ್ ಅದರ ಹೊಟ್ಟೆಗೆ ಹೋಗುತ್ತದೆ. ಮೇವು ಬದಲಿಸಿ ಮೂರು ವಾರಕ್ಕೆ ಇನ್ನೂ 3 ಹಕ್ಕಿ ಕೊಯ್ದು ಲಿವರಿನ ತೂಕ, ಥೈರಾಯ್ಡ್ ತೂಕ, ಹೃದಯದ ಅನುಪಾತ ಮೂರನ್ನೂ ಹಳೆಯ ಅಂಕಿಗಳ ಪಕ್ಕದಲ್ಲೇ ಬರೆಯಿರಿ. ಮುಂದಿನ ಬ್ಯಾಚಿನಿಂದ ಮೇವಿನ ಪ್ರತಿ ಲೋಡಿನ 1 ಕಿಲೋ ಮಾದರಿಯನ್ನು ದಿನಾಂಕ ಬರೆದು, ಆ ಬ್ಯಾಚ್ ಮಾರಾಟವಾಗುವ ತನಕ ಒಣ ಜಾಗದಲ್ಲಿಡಿ.